ಎರಡು ಎಂ.ಎ., ಒಂದು ಪಿಎಚ್.ಡಿ. ಸಿದ್ಧತೆ

ಅರ್ಥಶಾಸ್ತ್ರದಲ್ಲಿ ನನ್ನ ಬಳಿ ಎರಡು ಸ್ನಾತಕೋತ್ತರ ಪದವಿಗಳಿವೆ. ಇದು ಹೆಚ್ಚುಗಾರಿಕೆಯ ಮಾತಲ್ಲ. ಮೊದಲನೆಯದನ್ನು ನಂಬಿ ಹಾಕಿದ ಪಿಎಚ್.ಡಿ. ಅರ್ಜಿಗಳೆಲ್ಲ ತಿರಸ್ಕೃತವಾದದ್ದರಿಂದ ಎರಡನೆಯದಕ್ಕೆ ಸೇರಬೇಕಾಯಿತು. ಮೊದಲನೆಯದು ಒಂದು ವರ್ಷದ್ದು, ಪಾಠ ಮತ್ತು ಪರೀಕ್ಷೆಗಳೇ ಅದರ ಜೀವಾಳ. ಎರಡನೆಯದು ಎರಡು ವರ್ಷದ್ದು, ಸಂಶೋಧನೆಗೆ ಒತ್ತು ಕೊಡುವಂಥದ್ದು.

ಒಂದು ವರ್ಷದ ಕೋರ್ಸು ಗರಡಿಮನೆ. ವಾರವಾರವೂ ಲೆಕ್ಕಗಳ ಕಂತೆ. ಮಿತಿಯೊಳಗೆ ಅತ್ಯುತ್ತಮ ಆಯ್ಕೆ ಹುಡುಕುವ ಲಗ್ರಾಂಜ್ ಗುಣಕ, ಕಾಲಕಾಲದ ಆಯ್ಕೆಗಳನ್ನು ಹಂತಹಂತವಾಗಿ ಬಿಡಿಸುವ ಬೆಲ್‌ಮನ್ ಸಮೀಕರಣ ಕೈಗೆ ಎಷ್ಟು ಪಳಗಿದವೆಂದರೆ ಯೋಚಿಸುವ ಮೊದಲೇ ಪೆನ್ನು ಓಡುತ್ತಿತ್ತು. ತೊಡಕಿದ್ದದ್ದು ಕ್ಯಾಲೆಂಡರಿನಲ್ಲಿ. ತರಗತಿ ಶುರುವಾದದ್ದು ಸೆಪ್ಟೆಂಬರಿನಲ್ಲಿ, ನಾನು ಕಣ್ಣಿಟ್ಟಿದ್ದ ಪಿಎಚ್.ಡಿ.ಗಳ ಗಡುವು ಡಿಸೆಂಬರಿನಲ್ಲಿ. ಅಷ್ಟರೊಳಗೆ ತೋರಿಸಲು ಒಂದು ಅಂಕವೂ ಕೈಗೆ ಬಂದಿರಲಿಲ್ಲ. ಶಿಫಾರಸು ಪತ್ರ ಬರೆಯಬೇಕಾದ ಪ್ರಾಧ್ಯಾಪಕರಿಗೆ ನಾನು ಮೂರನೇ ಸಾಲಿನಲ್ಲಿ ಕೂರುವ ಒಂದು ಮುಖ, ಅಷ್ಟೆ.

ಎರಡು ವರ್ಷದ ಕೋರ್ಸಿನ ಮೊದಲ ಪೆಟ್ಟು ರಿಯಲ್ ಅನಾಲಿಸಿಸ್, ಅಂದರೆ ಕ್ಯಾಲ್ಕುಲಸ್‌ನ ಬುಡವನ್ನು ಸಾಧನೆಗಳಿಂದ ಕಟ್ಟುವ ಗಣಿತ. ಉತ್ತರ ಬಿಡಿಸುವುದು ಬೇರೆ, ಸಾಧಿಸಿ ತೋರಿಸುವುದು ಬೇರೆ ಎಂದು ಅಲ್ಲಿ ಗೊತ್ತಾಯಿತು. ಅರ್ಥಶಾಸ್ತ್ರಜ್ಞರಾದ ಆರೋ ಮತ್ತು ಡೆಬ್ರೂ 1954ರಲ್ಲಿ, ಕೆಲವು ಷರತ್ತುಗಳಡಿ ಮಾರುಕಟ್ಟೆಯ ಸಮತೋಲನ (ಬೇಡಿಕೆ, ಪೂರೈಕೆ ಎಲ್ಲೆಡೆ ಹೊಂದುವ ಬೆಲೆಗಳು) ಇದ್ದೇ ಇರುತ್ತದೆಂದು ಸಾಧಿಸಲು ಗಣಿತದ ಸ್ಥಿರಬಿಂದು ಪ್ರಮೇಯದ ಮೊರೆ ಹೋದದ್ದೇಕೆ ಎಂಬುದು, ಹಿಂದಿನ ವರ್ಷ ಬಾಯಿಪಾಠ ಮಾಡಿದ್ದು, ಈಗ ತಲೆಗೆ ಹೋಯಿತು.

ನಿಜವಾದ ಪಾಠ ಸಿಕ್ಕಿದ್ದು ಪ್ರಕಟವಾದ ಲೇಖನವೊಂದರ ಲೆಕ್ಕವನ್ನು ಅದೇ ದತ್ತಾಂಶದಿಂದ ಮತ್ತೆ ಮಾಡಿ ನೋಡುವ ಕೆಲಸದಲ್ಲಿ. ಅಮೆರಿಕದ ನ್ಯೂಜೆರ್ಸಿ ರಾಜ್ಯ 1992ರಲ್ಲಿ ಕನಿಷ್ಠ ವೇತನ ಏರಿಸಿದಾಗ ಉದ್ಯೋಗ ಕುಗ್ಗಿತೇ ಎಂದು ಅರ್ಥಶಾಸ್ತ್ರಜ್ಞರಾದ ಕಾರ್ಡ್ ಮತ್ತು ಕ್ರೂಗರ್ ನೆರೆಯ ಪೆನ್ಸಿಲ್ವೇನಿಯಾದೊಂದಿಗೆ ಹೋಲಿಸಿ ನೋಡಿದ 1994ರ ಲೇಖನ ಅದು. ಕುಗ್ಗಲಿಲ್ಲ ಎಂಬುದು ಅವರ ಉತ್ತರ. 410 ಫಾಸ್ಟ್‌ಫುಡ್ ಮಳಿಗೆಗಳ ದತ್ತಾಂಶ. ಮುಖ್ಯ ಕೋಷ್ಟಕ ಒಂದೇ ಸಂಜೆಯಲ್ಲಿ ಹೊರಬಂತು. ಖಾಲಿ ಉಳಿದ ಉತ್ತರಗಳನ್ನು ಏನು ಮಾಡುವುದು, ಅರೆಕಾಲಿಕ ಕೆಲಸಗಾರನನ್ನು ಅರ್ಧ ಆಳೆಂದು ಎಣಿಸುವುದು ಸರಿಯೇ ಎಂಬುದರಲ್ಲಿ ಎರಡು ವಾರ ಕಳೆದವು. ಆಮೇಲೆ ನ್ಯೂಮಾರ್ಕ್ ಮತ್ತು ವಾಷರ್ ಎಂಬ ಇನ್ನಿಬ್ಬರು ಅರ್ಥಶಾಸ್ತ್ರಜ್ಞರು ಅದೇ ಪ್ರಶ್ನೆಗೆ ಸಂಬಳ ಪಟ್ಟಿಗಳ ದತ್ತಾಂಶದಿಂದ ತದ್ವಿರುದ್ಧ ತೀರ್ಮಾನಕ್ಕೆ ಬಂದದ್ದನ್ನು ಓದಿದೆ. ಜಗಳ ಸೂತ್ರದ್ದಲ್ಲ, ಅಳತೆಯದ್ದು ಎಂಬುದನ್ನು ಯಾವ ತರಗತಿಯೂ ನನಗೆ ಹೀಗೆ ಹೇಳಿರಲಿಲ್ಲ.

ಹಾಗೆಂದು ಆ ಎರಡು ವರ್ಷಗಳನ್ನು ಹೊಗಳಿ ಅಟ್ಟಕ್ಕೇರಿಸುವುದಿಲ್ಲ. ‘ಅಸಮಾನತೆ ಮತ್ತು ಬೆಳವಣಿಗೆ’ ಎಂಬ, ಯಾರ ಹಿಡಿತಕ್ಕೂ ಸಿಗದ ವಿಷಯದ ಬೆನ್ನು ಹತ್ತಿ ಎಂಟು ತಿಂಗಳು ಅಲೆದೆ, ಮಾರ್ಗದರ್ಶಕರು ತಡೆಯಲಿಲ್ಲ. ದುಡಿಮೆಯಿಲ್ಲದೆ ಇನ್ನೂ ಎರಡು ವರ್ಷ ಕಳೆಯುವುದು ಎಲ್ಲರಿಗೂ ಸಾಧ್ಯವೂ ಅಲ್ಲ. ಪದವಿಯಲ್ಲೇ ಅನಾಲಿಸಿಸ್ ಓದಿದ್ದು, ಯಾರೊಬ್ಬರ ಕೈಕೆಳಗಾದರೂ ದತ್ತಾಂಶದ ಕೆಲಸ ಮಾಡಿದ್ದವರಿಗೆ ಒಂದು ವರ್ಷದ್ದೇ ಸಾಕು ಎನ್ನುತ್ತೇನೆ. ನಾನು ಎರಡನ್ನೂ ಮಾಡಿರಲಿಲ್ಲ.

ಎರಡನೆಯ ಸಲ ಅರ್ಜಿ ಹಾಕಿದಾಗ ಪಿಎಚ್.ಡಿ.ಗೆ ಪ್ರವೇಶ ಸಿಕ್ಕಿತು. ಪಿಎಚ್.ಡಿ.ಯ ಮೊದಲ ವರ್ಷದ ಅರ್ಹತಾ ಪರೀಕ್ಷೆಯಲ್ಲಿ ನಾಲ್ಕು ಗಂಟೆಯೊಳಗೆ ಪ್ರಶ್ನೆಗಳನ್ನೆಲ್ಲ ಮುಗಿಸಲು ನೆರವಿಗೆ ಬಂದದ್ದು ಮಾತ್ರ ಹಳೆಯ ಗರಡಿಮನೆಯ ಕೈಚಳಕ.