ದವಡೆ ನೋವಿಗೆ ಫಿಸಿಯೋಥೆರಪಿ: ಎಂಟು ಸಲ ಹೋಗಿ ಬಂದ ಮೇಲೆ

ಕಿವಿನೋವೆಂದು ತಿಳಿದು ಮೊದಲು ಕಿವಿಯ ವೈದ್ಯರಲ್ಲಿಗೆ ಹೋದವನು ನಾನು. ಕಿವಿಯಲ್ಲಿ ತೊಂದರೆಯೇನೂ ಇಲ್ಲವೆಂದು ಅವರು ದಂತವೈದ್ಯರ ಬಳಿಗೆ ಕಳುಹಿಸಿದರು. ದಂತವೈದ್ಯರು ಹಲ್ಲು, ವಸಡುಗಳನ್ನೆಲ್ಲ ಪರೀಕ್ಷಿಸಿ, ಎಕ್ಸ್‌ರೇ ನೋಡಿ, ನೋವಿನ ಮೂಲ ಹಲ್ಲಲ್ಲ, ಕಿವಿಯ ಮುಂದಿರುವ ದವಡೆಯ ಕೀಲು ಮತ್ತು ಅದನ್ನು ಆಡಿಸುವ ಸ್ನಾಯುಗಳು ಎಂದು ಹೇಳಿ ಫಿಸಿಯೋಥೆರಪಿಗೆ ಚೀಟಿ ಬರೆದುಕೊಟ್ಟರು. ಮಂಡಿಗೆ, ಸೊಂಟಕ್ಕೆ ಅದನ್ನು ಮಾಡಿಸಿಕೊಳ್ಳುವವರನ್ನು ಕಂಡಿದ್ದೆ. ದವಡೆಗೂ ಉಂಟೆಂದು ತಿಳಿದದ್ದು ಆಗಲೇ. ಆ ಹೊತ್ತಿಗೆ ನೋವು ಶುರುವಾಗಿ ನಾಲ್ಕು ತಿಂಗಳು ಕಳೆದಿತ್ತು, ಆಕಳಿಕೆ ಬಂದರೆ ಕೈಯಿಂದ ಗಲ್ಲ ಹಿಡಿದುಕೊಳ್ಳುವುದು ಅಭ್ಯಾಸವಾಗಿತ್ತು.

ಮೊದಲ ಭೇಟಿಯ ಮುಕ್ಕಾಲು ಗಂಟೆಯಲ್ಲಿ ಚಿಕಿತ್ಸೆ ಎಂಬುದು ಬಹಳ ಕಡಿಮೆ, ಪರೀಕ್ಷೆಯೇ ಹೆಚ್ಚು. ಫಿಸಿಯೋಥೆರಪಿಸ್ಟ್ ಪುಟ್ಟ ಅಳತೆಪಟ್ಟಿಯನ್ನು ಮುಂಬಲ್ಲುಗಳ ನಡುವೆ ಹಿಡಿದು ಅಳೆದರು: ನನ್ನ ಬಾಯಿ ತೆರೆಯುತ್ತಿದ್ದದ್ದು 31 ಮಿಲಿಮೀಟರ್. ವಯಸ್ಕರಲ್ಲಿ ಸಾಮಾನ್ಯವಾಗಿ ಅದು 40ಕ್ಕಿಂತ ಹೆಚ್ಚಿರಬೇಕು. ಅಳತೆಪಟ್ಟಿ ಇಲ್ಲದವರು ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಿ ನೋಡಬಹುದು. ಬಳಿಕ ಕನ್ನಡಿಯ ಮುಂದೆ ಕೂರಿಸಿ ನಿಧಾನವಾಗಿ ಬಾಯಿ ತೆರೆಯಲು ಹೇಳಿದರು. ನೇರವಾಗಿ ಇಳಿಯಬೇಕಾದ ಗಲ್ಲ ಅರ್ಧ ದಾರಿಯಲ್ಲಿ ಎಡಕ್ಕೆ ವಾಲಿ, ಕಟಕ್ಕೆಂದು ಮತ್ತೆ ನಡುವಿಗೆ ಬರುವುದನ್ನು ನಾನೇ ಕಂಡೆ. ಕೆಳದವಡೆಯ ತುದಿ ಮೊದಲು ಇದ್ದಲ್ಲೇ ಹೊರಳಿ, ಬಾಯಿ ಇನ್ನಷ್ಟು ತೆರೆದಂತೆ ತನ್ನ ಗುಳಿಯಿಂದ ಮುಂದಕ್ಕೆ ಜಾರುತ್ತದೆಂದೂ, ನಡುವಿನ ಮೆತ್ತನೆಯ ಬಿಲ್ಲೆ ಸರಿದಿದ್ದರೆ ಆ ಜಾರುವಿಕೆಯಲ್ಲಿ ಅದು ಮರಳಿ ಸ್ಥಳಕ್ಕೆ ಬರುವ ಸದ್ದೇ ಈ ಕಟಕ್ಕೆಂದೂ ಅವರು ವಿವರಿಸಿದರು. ನೋವಿಲ್ಲದೆ ಬರೀ ಸದ್ದಿದ್ದರೆ ಚಿಕಿತ್ಸೆಯೇ ಬೇಕಿಲ್ಲ, ಸದ್ದನ್ನು ನಿಲ್ಲಿಸುವ ಭರವಸೆಯನ್ನೂ ತಾವು ಕೊಡುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದು ನನಗೆ ಹಿಡಿಸಿತು.

ಆದರೆ ಆ ದಿನ ನನ್ನನ್ನು ತಡೆದು ನಿಲ್ಲಿಸಿದ್ದು ಅವರ ಒಂದು ಪ್ರಶ್ನೆ. ಮಾತಿನ ಮಧ್ಯೆ, "ಈಗ ನಿಮ್ಮ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಿದೆಯಾ?" ಎಂದು ಕೇಳಿದರು. ತಾಗಿತ್ತು. ತಾಗಿರುವುದೇ ಸಹಜವೆಂದು ನಾನು ಅಷ್ಟು ವರ್ಷ ನಂಬಿದ್ದೆ. ತುಟಿ ಮುಚ್ಚಿರಬೇಕು, ಹಲ್ಲುಗಳ ನಡುವೆ ಸ್ವಲ್ಪ ಸಂದಿರಬೇಕು, ನಾಲಿಗೆಯ ತುದಿ ಮೇಲಿನ ಮುಂಬಲ್ಲುಗಳ ಹಿಂದೆ ಅಂಗುಳಿಗೆ ಹಗುರವಾಗಿ ಒರಗಿರಬೇಕು; ಹಲ್ಲುಗಳು ಕೂಡಬೇಕಾದದ್ದು ಅಗಿಯುವಾಗ, ನುಂಗುವಾಗ ಮಾತ್ರ. ಮರುದಿನ ಕಂಪ್ಯೂಟರಿನ ಅಂಚಿಗೆ ಹಸಿರು ಚೀಟಿಯೊಂದನ್ನು ಅಂಟಿಸಿಕೊಂಡು, ಕಣ್ಣು ಅದರ ಮೇಲೆ ಬಿದ್ದಾಗಲೆಲ್ಲ ಬಾಯಿಯ ಸ್ಥಿತಿಯನ್ನು ಗಮನಿಸಿದೆ. ಮಧ್ಯಾಹ್ನದೊಳಗೆ ಹನ್ನೊಂದು ಸಲ ನೋಡಿದ್ದೆ, ಒಂಬತ್ತು ಸಲ ಹಲ್ಲು ಕಚ್ಚಿಕೊಂಡೇ ಇದ್ದೆ. ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ನೈಟ್ ಗಾರ್ಡ್ ಎಂಬ ಕವಚ ಹಲ್ಲು ಸವೆಯದಂತೆ ಕಾಯಬಹುದು, ಹಗಲಿನ ಈ ಚಾಳಿಯನ್ನು ಅದು ಹೇಗೆ ಬಿಡಿಸೀತು?

ಎರಡನೆಯ ಭೇಟಿಯಿಂದ ಕೈಚಳಕ ಶುರುವಾಯಿತು. ಕೈಗವಸು ತೊಟ್ಟು, ಹೆಬ್ಬೆರಳನ್ನು ಕೆನ್ನೆಯ ಒಳಗೂ ಉಳಿದ ಬೆರಳುಗಳನ್ನು ಹೊರಗೂ ಇಟ್ಟು, ಅಗಿಯುವ ಸ್ನಾಯುವನ್ನು ನಡುವೆ ಹಿಡಿದು ಒತ್ತುತ್ತಾರೆ. ಒಂದು ಗಂಟಿನ ಮೇಲೆ ಬೆರಳು ಬಿದ್ದಾಗ ನೋವು ಅಲ್ಲಿ ನಿಲ್ಲದೆ ಕಣತಲೆಯವರೆಗೆ ಏರಿತು. ನಾಲ್ಕು ತಿಂಗಳಿಂದ ತಲೆನೋವೆಂದು ನಾನು ಕರೆಯುತ್ತಿದ್ದದ್ದು ಅದೇ ಎಂದು ಗುರುತು ಸಿಕ್ಕಿತು. ನಂತರ ಹೆಬ್ಬೆರಳನ್ನು ಕೆಳಗಿನ ದವಡೆಹಲ್ಲಿನ ಮೇಲಿಟ್ಟು ದವಡೆಯನ್ನು ಮೆಲ್ಲಗೆ ಕೆಳಕ್ಕೂ ಮುಂದಕ್ಕೂ ಎಳೆದರು. ಹಿತವಾದ ಅನುಭವವಲ್ಲ. ಅಂದು ಸಂಜೆ ಮೊದಲಿಗಿಂತ ಹೆಚ್ಚೇ ನೋಯಿತು, ಅದನ್ನು ಅವರು ಮುಂಚಿತವಾಗಿ ಹೇಳಿರಲಿಲ್ಲ. ಹೇಳಿದ್ದರೆ ಒಂದು ರಾತ್ರಿಯ ಗಾಬರಿ ತಪ್ಪುತ್ತಿತ್ತು.

ಮನೆಗೆ ಕೊಟ್ಟ ವ್ಯಾಯಾಮಗಳು ಚಿಲಿ ದೇಶದ ಫಿಸಿಯೋಥೆರಪಿಸ್ಟ್ ಮರಿಯಾನೋ ರೊಕಬಾದೋ ಅವರ ಹೆಸರಿನಲ್ಲಿ ಪ್ರಸಿದ್ಧವಾದವು: ಆರು ವ್ಯಾಯಾಮ, ಒಂದೊಂದನ್ನೂ ಆರು ಸಲ, ದಿನಕ್ಕೆ ಆರು ಹೊತ್ತು. ನಾಲಿಗೆಯನ್ನು ಅಂಗುಳಿಗೆ ಒತ್ತಿಕೊಂಡೇ ಬಾಯಿ ತೆರೆಯುವುದು ಅವುಗಳಲ್ಲಿ ಒಂದು; ಕುತ್ತಿಗೆ, ಭುಜಗಳಿಗೂ ಕೆಲವಿವೆ. ಕೆಲಸಕ್ಕೆ ಹೋಗುವ ಮನುಷ್ಯ ಆರು ಹೊತ್ತು ಮಾಡಿಯಾನೆಂದು ನನಗನಿಸುವುದಿಲ್ಲ. ನಾನು ನಾಲ್ಕು ಹೊತ್ತು ಮಾಡಿದೆ. ಮೂರನೆಯ ವಾರದಲ್ಲಿ ಅಳತೆ 36ಕ್ಕೂ ಆರನೆಯ ವಾರದಲ್ಲಿ 42ಕ್ಕೂ ಬಂತು.

ಇನ್ನು ದೂರುಗಳು. ನಾಲ್ಕನೆಯ ಭೇಟಿಯಲ್ಲಿ ಬೇರೊಬ್ಬರು ಬಂದು ನನ್ನ ಕಡತವನ್ನು ತೆರೆದೂ ನೋಡದೆ ಕೆನ್ನೆಗೆ ಟೆನ್ಸ್ ಯಂತ್ರದ, ಅಂದರೆ ನೋವು ತಗ್ಗಿಸಲೆಂದು ಚರ್ಮದ ಮೂಲಕ ಸಣ್ಣ ವಿದ್ಯುತ್ ಹಾಯಿಸುವ ಯಂತ್ರದ, ಪಟ್ಟಿಗಳನ್ನು ಅಂಟಿಸಿ ಇಪ್ಪತ್ತು ನಿಮಿಷ ಮಲಗಿಸಿಬಿಟ್ಟರು. ಮೂರು ತಿಂಗಳಿಗೂ ಮೀರಿದ ದವಡೆ ನೋವಿನ ಬಗ್ಗೆ 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿಯು ಕೈಯಿಂದ ಕೀಲನ್ನು ಆಡಿಸುವುದನ್ನೂ, ಸ್ನಾಯುಗಂಟುಗಳನ್ನು ಒತ್ತಿ ಸಡಿಲಿಸುವುದನ್ನೂ, ತಜ್ಞರ ಮೇಲ್ವಿಚಾರಣೆಯ ವ್ಯಾಯಾಮವನ್ನೂ ಬಲವಾಗಿ ಶಿಫಾರಸು ಮಾಡುತ್ತದೆ. ಟೆನ್ಸ್ ಮತ್ತು ಲೇಸರ್ ವಿಷಯದಲ್ಲಿ ಬೇಡವೆಂಬ ಕಡೆಗೇ ವಾಲುತ್ತದೆ. ಇದನ್ನು ತಿಳಿಸಿದ ಮೇಲೆ ಯಂತ್ರ ಮತ್ತೆ ನನ್ನ ಹತ್ತಿರ ಬರಲಿಲ್ಲ. ವ್ಯಾಯಾಮದ ಹಾಳೆಯೋ ನೆರಳಚ್ಚಿನ ನೆರಳಚ್ಚು, ಚಿತ್ರದಲ್ಲಿ ನಾಲಿಗೆ ಯಾವುದು ಹಲ್ಲು ಯಾವುದು ತಿಳಿಯದು.

ಬಾಯಿ ಇದ್ದಕ್ಕಿದ್ದಂತೆ ಸಿಕ್ಕಿಕೊಂಡು ತೆರೆಯಲಾಗದವರು, ಪೆಟ್ಟು ಬಿದ್ದವರು, ಜ್ವರ ಅಥವಾ ಊತ ಇರುವವರು, ಐವತ್ತು ದಾಟಿದ ಮೇಲೆ ಹೊಸದಾಗಿ ಕಣತಲೆ ನೋವೂ ದೃಷ್ಟಿಯಲ್ಲಿ ವ್ಯತ್ಯಾಸವೂ ಕಾಣಿಸಿಕೊಂಡವರು ಇಲ್ಲಿಗಲ್ಲ, ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಉಳಿದವರಿಗೆ ಈ ಚಿಕಿತ್ಸೆಯನ್ನು ನಾನು ಹೇಳುವೆನಾದರೂ, ಹತ್ತು ಭೇಟಿಗಳ ಹಣವನ್ನು ಒಟ್ಟಿಗೆ ಕಟ್ಟಬೇಡಿರೆಂದೂ ಹೇಳುತ್ತೇನೆ. ನಾನು ಕಟ್ಟಿದ್ದೆ. ಎಂಟನೆಯ ಸಲ ಮೊದಲಿನ ಫಿಸಿಯೋಥೆರಪಿಸ್ಟೇ ಅಳತೆ ತೆಗೆದು, "ಇನ್ನು ನೀವು ಬರಬೇಕಾಗಿಲ್ಲ, ಮನೆಯಲ್ಲೇ ಮುಂದುವರಿಸಿ" ಎಂದರು. ಹೊರಗಿನ ಕೌಂಟರಿನಲ್ಲಿ ಉಳಿದೆರಡು ಭೇಟಿಗಳ ಹಣ ಕೇಳಿದಾಗ, ವಾಪಸು ಕೊಡುವ ಪದ್ಧತಿಯಿಲ್ಲ, ಬೇಕಾದರೆ ಮಂಡಿಗೆ ಬಳಸಿಕೊಳ್ಳಬಹುದು ಎಂಬ ಉತ್ತರ ಬಂತು. ಹಲ್ಲು ಕಚ್ಚಿಕೊಂಡದ್ದು ಆಗ ನನಗೇ ಗೊತ್ತಾಯಿತು.