ಎಸಿ ಫಿಲ್ಟರ್: ಬಿಳಿಯದು, ಕಪ್ಪನೆಯದು, ದಪ್ಪನೆಯದು, ಮೂರನ್ನೂ ಹಾಕಿ ನೋಡಿದೆ

ಹೋದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಸ್ವಿಫ್ಟ್ ಕಾರಿನ ಗ್ಲೋವ್ ಬಾಕ್ಸ್ ಕಳಚಿ, ಒಳಬರುವ ಗಾಳಿಯನ್ನು ಸೋಸುವ ಎಸಿ ಫಿಲ್ಟರನ್ನು ಹೊರಗೆಳೆದಾಗ ಮಡಿಲಿಗೆ ಮೊದಲು ಉದುರಿದ್ದು ಹೊಂಗೆ ಹೂವು. ಮನೆಯ ಮುಂದಿನ ಮರದ್ದು. ವೈಪರ್ ಬುಡದ ಜಾಲರಿಯಿಂದ ಒಳಗಿಳಿದು, ಒಣಗಿ, ಅವಲಕ್ಕಿಯಂತಾಗಿತ್ತು. ಕೆಳಗೆ ಬೆರಳಿಟ್ಟರೆ ಗುರುತು ಬೀಳುವಷ್ಟು ಧೂಳು. ಎರಡೇ ತಿಂಗಳ ಹಿಂದಿನ ಸರ್ವೀಸ್ ಬಿಲ್ಲಿನಲ್ಲಿ ಇದೇ ಫಿಲ್ಟರನ್ನು ಬದಲಿಸಿದ್ದಾಗಿ ಬರೆದು ಹಣ ಪಡೆದಿದ್ದರು! ಅಂದಿನಿಂದ ಈ ಕೆಲಸ ನನ್ನದು.

ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ‘ಎಸಿ ಫಿಲ್ಟರ್’ ಎಂದರೆ ಸಾಕು, ಕ್ಯಾಬಿನ್ ಫಿಲ್ಟರ್ ಎನ್ನಬೇಕಿಲ್ಲ. ಬರೀ ‘ಏರ್ ಫಿಲ್ಟರ್’ ಎಂದರೆ ಮಾತ್ರ ಎಂಜಿನ್ನಿನದನ್ನು ಕೊಟ್ಟುಬಿಡುತ್ತಾರೆ. ಮೂರು ಬಗೆ ಮುಂದಿಟ್ಟರು: ಸಾದಾ ಬಿಳಿಯದು ಸುಮಾರು 250 ರೂಪಾಯಿ, ಇದ್ದಿಲು ತುಂಬಿದ ಕಪ್ಪನೆಯ ‘ಕಾರ್ಬನ್’ 450, ‘ಹೆಪಾ’ ಎಂದು ಬರೆದಿದ್ದ ದಪ್ಪನೆಯದು 1,100. ಒಂದಾದ ಮೇಲೊಂದರಂತೆ ಮೂರನ್ನೂ ಹಾಕಿ, ಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನವೂ ಓಡಾಡಿದೆ. ಗಾಳಿಯ ಒತ್ತಡ ನೋಡಲು ನಡುವಿನ ಕಿಂಡಿಗೆ ಒಂದು ಗೇಣು ನೂಲು ಕಟ್ಟಿದ್ದೆ.

ಬಿಳಿಯದರಲ್ಲಿ ಫ್ಯಾನ್ ಎರಡರಲ್ಲಿದ್ದರೂ ನೂಲು ನೆಟ್ಟಗೆ ಹಾರುತ್ತಿತ್ತು. ಡ್ಯಾಶ್‌ಬೋರ್ಡಿನ ಮೇಲೆ ಕೂರುವ ಧೂಳೂ ಕಡಿಮೆಯಾಯಿತು. ಆದರೆ ಸಿಲ್ಕ್ ಬೋರ್ಡ್‌ನಲ್ಲಿ ಲಾರಿಯ ಹಿಂದೆ ನಿಂತರೆ ಡೀಸೆಲ್ ಹೊಗೆಯ ವಾಸನೆ ಹಾಗೆಯೇ ಒಳಬರುತ್ತಿತ್ತು. ವಾಸನೆ ತಡೆಯುವುದು ಈ ಫಿಲ್ಟರಿನ ಕೆಲಸವೂ ಅಲ್ಲ.

ಕಪ್ಪನೆಯದು ನನಗೆ ಹಿಡಿಸಿತು. ಕೊಳಚೆ ನಾರುವ ರಾಜಕಾಲುವೆ ದಾಟಿದ್ದೇ ಗೊತ್ತಾಗದ ದಿನಗಳಿದ್ದವು. ಎರಡು ಪದರಗಳ ನಡುವಿನ ಇದ್ದಿಲ ಕಣಗಳು ತಮ್ಮ ಸೂಕ್ಷ್ಮ ರಂಧ್ರಗಳಲ್ಲಿ ವಾಸನೆಯ ಅನಿಲಗಳನ್ನು ಹಿಡಿದಿಡುತ್ತವೆ. ರಂಧ್ರ ತುಂಬಿದ ಮೇಲೆ ಆಟ ಮುಗಿಯಿತು, ಬಿಸಿಲಿಗೆ ಇಟ್ಟರೂ ಮೊದಲಿನಂತಾಗುವುದಿಲ್ಲ. ನನ್ನದರಲ್ಲಿ ಐದನೆಯ ತಿಂಗಳಿಗೆ ಡೀಸೆಲ್ ಮತ್ತೆ ಮೂಗಿಗೆ ಬಡಿಯಿತು. ಇನ್ನೊಂದು ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕ ‘ಕಾರ್ಬನ್’ ಮೊದಲ ದಿನವೇ ಸೋತಿತು. ಅದಕ್ಕೆ ಬಳಿದಿದ್ದು ಬರೀ ಬಣ್ಣ. ಕೊಳ್ಳುವಾಗ ಬೆಳಕಿಗೆ ಹಿಡಿದು ನೋಡಿ. ನಾನು ಕೊಂಡ ಅಸಲಿಯಲ್ಲಿ ಕಪ್ಪು ರವೆಯಂಥ ಕಣಗಳು ಕಂಡವು, ಮೆಲ್ಲಗೆ ಅಲುಗಿಸಿದರೆ ಸರಸರ ಎಂದವು. ಒಂದು ಎಚ್ಚರಿಕೆಯೂ ಬೇಕು: ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡನ್ನು ಈ ಇದ್ದಿಲು ತಡೆಯುವುದಿಲ್ಲ. ದಟ್ಟಣೆಯಲ್ಲಿ ನಾನು ಒಳಗಾಳಿಯನ್ನೇ ಸುತ್ತಿಸುವ ಗುಂಡಿ ಒತ್ತುತ್ತೇನೆ, ರಸ್ತೆ ಬಿಡುವಾದೊಡನೆ ತೆಗೆಯುತ್ತೇನೆ. ಗಂಟೆಗಟ್ಟಲೆ ಹಾಗೆಯೇ ಬಿಟ್ಟರೆ ನಾವು ಬಿಟ್ಟ ಉಸಿರೇ ತುಂಬಿಕೊಂಡು ತೂಕಡಿಕೆ ಬರುತ್ತದೆ.

ದಪ್ಪನೆಯದನ್ನು ಹಾಕಿದ ದಿನವೇ ನೂಲು ಜೋತುಬಿತ್ತು. ಫ್ಯಾನನ್ನು ಮೂರಕ್ಕೆ ಏರಿಸಿದ ಮೇಲೆ ಎದ್ದಿತು. ಮಧ್ಯಾಹ್ನ ಬಿಸಿಲಿನಲ್ಲಿ ನಿಲ್ಲಿಸಿದ್ದ ಕಾರು ತಂಪಾಗಲು ಮೊದಲಿಗಿಂತ ತಡವಾಗುತ್ತಿತ್ತು. ನಿಜವಾದ ಹೆಪಾ 0.3 ಮೈಕ್ರಾನ್ ಕಣಗಳಲ್ಲಿ 99.97 ಶೇಕಡವನ್ನಾದರೂ ಹಿಡಿಯಬೇಕು ಎಂಬುದು ಮಾನದಂಡ. ಡಬ್ಬಿಯ ಮೇಲೆ ಆ ಹೆಸರಿದ್ದ ಮಾತ್ರಕ್ಕೆ ನಂಬುವಂತಿಲ್ಲ. ನನಗೆ ಸಿಕ್ಕಿದ್ದರ ಒಂದು ಅಂಚಿನಲ್ಲಿ ಬೆಂಕಿಕಡ್ಡಿ ತೂರುವಷ್ಟು ಸಂದಿತ್ತು, ಗಾಳಿ ಫಿಲ್ಟರಿನ ಗೊಡವೆಯೇ ಇಲ್ಲದೆ ಅಲ್ಲಿಂದ ನುಸುಳುತ್ತದೆ. ಸ್ಪಂಜಿನ ಪಟ್ಟಿ ಅಂಟಿಸಿ ಮುಚ್ಚಿದೆ. ಆಮೇಲೆ ಪಕ್ಕದಲ್ಲಿ ಕೂರುವ ಅಮ್ಮನ ಸೀನು ಎದ್ದು ಕಾಣುವಂತೆ ತಗ್ಗಿತು ಎನ್ನುವುದನ್ನು ಒಪ್ಪಿಕೊಳ್ಳಲೇಬೇಕು. ಮನೆಯಲ್ಲಿ ಧೂಳಿನ ಅಲರ್ಜಿ ಇರುವವರಿದ್ದರೆ ಇದೇ ಇರಲಿ. ಹೆದ್ದಾರಿಯಲ್ಲೇ ಹೆಚ್ಚು ಓಡಾಡುವವರಿಗೆ ಬಿಳಿಯದು ಧಾರಾಳವಾಗಿ ಸಾಕು.

ಬದಲಿಸುವುದು ಐದು ನಿಮಿಷದ ಕೆಲಸ. ಚೌಕಟ್ಟಿನ ಮೇಲಿನ ಬಾಣ ಗಾಳಿ ಸಾಗುವ ದಿಕ್ಕಿಗಿರಬೇಕು. ನಾನು ಮೊದಲ ಸಲ ತಲೆಕೆಳಗಾಗಿ ತುರುಕಿದ್ದೆ. ಹಳೆಯದನ್ನು ತೊಳೆದು ಮತ್ತೆ ಹಾಕುವ ಆಸೆ ಬೇಡ: ಸಣ್ಣ ಧೂಳನ್ನು ಸೆಳೆಯಲು ಎಳೆಗಳಿಗೆ ಕೊಟ್ಟಿರುವ ಸ್ಥಾಯಿ ವಿದ್ಯುತ್ತು ನೀರು ಬಿದ್ದರೆ ಕುಗ್ಗುತ್ತದೆ. ಕಂಪ್ರೆಸರ್ ಗಾಳಿ ಹೊಡೆಸಿದರೆ ಎಳೆಗಳೇ ಹರಿದುಹೋಗಬಹುದು.

ಅಮ್ಮ ಈಗ ಊರಿನಲ್ಲಿದ್ದಾರೆ, ಹಾಗಾಗಿ ಕಾರಿಗೆ ಕಪ್ಪನೆಯದು ಮರಳಿದೆ. ಅದರ ಮೂಲೆಯಲ್ಲಿ ಬಾಲ್‌ಪೆನ್ನಿನಿಂದ ‘ಜೂನ್’ ಎಂದು ಬರೆದಿದ್ದೇನೆ. ಮುಂದಿನ ಸರ್ವೀಸ್ ಬಿಲ್ಲಿನಲ್ಲಿ ಫಿಲ್ಟರ್ ಬದಲಿಸಿದ್ದೇವೆ ಎಂದು ಬಂದರೆ, ಹಣ ಕೊಡುವ ಮೊದಲು ಅಲ್ಲಿಯೇ ಗ್ಲೋವ್ ಬಾಕ್ಸ್ ಕಳಚುತ್ತೇನೆ.