ಮಕ್ಕಳ ಮೂತ್ರಕೋಶದ ಚಿಕಿತ್ಸೆ: ಬೆಂಗಳೂರಿನ ಕ್ಲಿನಿಕ್‌ಗಳನ್ನು ಅಳೆಯುವ ಬಗೆ

ಏಳು ವರ್ಷದ ಮಗು ಹಗಲಲ್ಲೂ ಚಡ್ಡಿ ಒದ್ದೆ ಮಾಡಿಕೊಳ್ಳುತ್ತಿದೆ. ಇನ್ನೊಂದಕ್ಕೆ ಮೈ ಸುಡುವ ಜ್ವರದ ಜೊತೆ ಮೂತ್ರದ ಸೋಂಕು ಎರಡನೇ ಸಲ ಬಂದಿದೆ. ಮತ್ತೊಂದಕ್ಕೆ ಗರ್ಭದ ಸ್ಕ್ಯಾನಿನಲ್ಲೇ ಕಿಡ್ನಿ ಊದಿಕೊಂಡಿದೆ ಎಂದಿದ್ದಾರೆ. ಇಂಥ ಮಕ್ಕಳನ್ನು ದೊಡ್ಡವರ ಯೂರಾಲಜಿಸ್ಟ್ ಬಳಿ ಕರೆದೊಯ್ಯಬೇಕಾದ ಊರಲ್ಲ ಬೆಂಗಳೂರು. ನಿಮ್ಹಾನ್ಸ್ ಪಕ್ಕದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಪೂರ್ತಿ ಮಕ್ಕಳಿಗೇ ಮೀಸಲಾದ ಸರ್ಕಾರಿ ಸಂಸ್ಥೆ. ಕೋರಮಂಗಲದ ಸೇಂಟ್ ಜಾನ್ಸ್‌ನಲ್ಲಿ ಮಕ್ಕಳ ಕಿಡ್ನಿ ವಿಭಾಗವಿದೆ. ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಮಕ್ಕಳ ಯೂರಾಲಜಿಸ್ಟ್‌ಗಳು ಸಿಗುತ್ತಾರೆ. ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಯಾವ ಖರ್ಚು ಸೇರುತ್ತದೆಂದು ಮೊದಲೇ ಕೌಂಟರಿನಲ್ಲಿ ಕೇಳಿಕೊಳ್ಳಿ.

ಯಾವ ಕ್ಲಿನಿಕ್ ಒಳ್ಳೆಯದು ಎಂದು ಕೇಳುವವರಿಗೆ ನಮ್ಮ ಉತ್ತರ: ಮೊದಲು ಅಲ್ಲಿನ ಯೂರೋಫ್ಲೋ ಕೋಣೆ ನೋಡಿ. ಮಗು ಒಂದಕ್ಕೆ ಹೋಗುವಾಗ ಧಾರೆಯ ವೇಗವನ್ನು ಅಳೆದು ಗ್ರಾಫ್ ಬರೆಯುವ ಯಂತ್ರ ಅದು. ಗ್ರಾಫ್ ಗಂಟೆಯ ಆಕಾರದಲ್ಲಿ ಏರಿ ಇಳಿದರೆ ಸರಿ. ದೊಡ್ಡವರ ಕಮೋಡ್ ಮೇಲೆ ಕಾಲು ನೇತಾಡಿಸಿ ಕೂರಿಸಿದರೆ ಮಗು ಬೀಳುವ ಭಯಕ್ಕೆ ತೊಡೆ, ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿಯುತ್ತದೆ, ಧಾರೆ ಕಡಿದು ಕಡಿದು ಬರುತ್ತದೆ. ಆ ಅಂಕುಡೊಂಕು ಗ್ರಾಫ್ ನೋಡಿ ಇಲ್ಲದ ಕಾಯಿಲೆಯ ಹೆಸರು ಬರೆಯುವ ಅಪಾಯವಿದೆ. ಚಿಕ್ಕ ಸೀಟು, ಕಾಲಡಿಗೆ ಮಣೆ, ಮುಚ್ಚುವ ಬಾಗಿಲು, ಆತುರಪಡಿಸದ ಸಿಬ್ಬಂದಿ, ಇವಿಷ್ಟಿದ್ದರೆ ಅರ್ಧ ಅಂಕ ಅಲ್ಲೇ ಕೊಡಬಹುದು.

ಎರಡನೆಯ ಎಡವಟ್ಟು ನೀರಿನದು. ಮಗುವಿನ ಮೂತ್ರಕೋಶ ಎಷ್ಟು ಹಿಡಿಯಬೇಕು ಎಂಬುದಕ್ಕೆ ಸುಲಭ ಲೆಕ್ಕವಿದೆ: ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿ. ಐದು ವರ್ಷಕ್ಕೆ 180 ಎಂಎಲ್. ಅಂಥ ಮಗುವಿಗೆ ಒಂದು ಬಾಟಲಿ ನೀರು ಒತ್ತಾಯದಿಂದ ಕುಡಿಸಿ ಗಂಟೆಗಟ್ಟಲೆ ಕಾಯಿಸಿದರೆ ಕೋಶ ಮಿತಿಮೀರಿ ಹಿಗ್ಗಿ ಪೂರ್ತಿ ಖಾಲಿಯಾಗುವುದಿಲ್ಲ. ಆಮೇಲಿನ ಸ್ಕ್ಯಾನಿನಲ್ಲಿ ಉಳಿಕೆ ಹೆಚ್ಚೆಂದು ಬರುತ್ತದೆ. ಹೋಗಿ ಬಂದ ಐದು ನಿಮಿಷದೊಳಗೆ ಸ್ಕ್ಯಾನ್ ಆಗಬೇಕು, ಪರೀಕ್ಷೆ ಕನಿಷ್ಠ ಎರಡು ಸಲ ಆಗಬೇಕು. ನಾಲ್ಕರಿಂದ ಆರು ವರ್ಷದವರಲ್ಲಿ ಮತ್ತೆ ಮತ್ತೆ 20 ಎಂಎಲ್‌ಗಿಂತ ಹೆಚ್ಚು ಉಳಿದರೆ ಮಾತ್ರ ಅದಕ್ಕೆ ತೂಕ.

ಎರಡು ದಿನದ ಡೈರಿ ಕೇಳದೆ ಔಷಧಿ ಬರೆದುಕೊಡುವ ಕಡೆ ನಾವು ಮಗುವನ್ನು ಕಳಿಸುವುದಿಲ್ಲ. ಕುಡಿದದ್ದೆಷ್ಟು, ಎಷ್ಟು ಹೊತ್ತಿಗೆ ಹೋಯಿತು, ಗೆರೆಯಿರುವ ಪ್ಲಾಸ್ಟಿಕ್ ಲೋಟದಲ್ಲಿ ಅಳೆದಾಗ ಎಷ್ಟು ಬಂತು, ಇಷ್ಟು ಬರೆದರೆ ಸಾಕು. ಶಾಲೆಯ ಶೌಚಾಲಯಕ್ಕೆ ಹೇಸಿ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ವ್ಯಾನಿನೊಳಗೆ ಕಟ್ಟಿಕೊಂಡು, ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಹೋಗದೇ ಇರುವ ಮಕ್ಕಳು ಡೈರಿಯಲ್ಲೇ ಸಿಕ್ಕಿಬೀಳುತ್ತಾರೆ. ಎರಡು–ಮೂರು ಗಂಟೆಗೊಮ್ಮೆ ಬಿಡಬೇಕೆಂದು ಶಾಲೆಗೆ ಚೀಟಿ ಬರೆದುಕೊಡುವ ವೈದ್ಯರು ದೊಡ್ಡ ಉಪಕಾರ ಮಾಡುತ್ತಾರೆ.

ಎರಡಕ್ಕೆ ಹೋಗುವುದನ್ನೂ ವಿಚಾರಿಸಬೇಕು. ಗುದನಾಳದಲ್ಲಿ ಗಟ್ಟಿಯಾದ ಮಲ ತುಂಬಿಕೊಂಡರೆ ಮೂತ್ರಕೋಶವನ್ನು ಒತ್ತುತ್ತದೆ. ಮಲಬದ್ಧತೆ ತೆಗೆಯದೆ, ಮೂತ್ರಕೋಶದ ಸ್ನಾಯು ಸಡಿಲಿಸುವ ಆಕ್ಸಿಬ್ಯುಟಿನಿನ್ ಕೊಟ್ಟರೆ ಅದು ಇನ್ನೂ ಹೆಚ್ಚುತ್ತದೆ. ಈ ಔಷಧಿ ಬೆವರನ್ನೂ ಕಡಿಮೆ ಮಾಡುವುದರಿಂದ ಏಪ್ರಿಲ್ ಬಿಸಿಲಿನಲ್ಲಿ ಮಗುವಿನ ಮೇಲೆ ಕಣ್ಣಿಡಿ. ಐದು ವರ್ಷದೊಳಗಿನ ಮಗು ರಾತ್ರಿ ಮಾತ್ರ ಹಾಸಿಗೆ ಒದ್ದೆ ಮಾಡುತ್ತಿದ್ದರೆ ಔಷಧಿಯೇ ಬೇಡ.

ಸೋಂಕಿನ ಕಲ್ಚರ್‌ಗೆ, ಅಂದರೆ ಮೂತ್ರದ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆಗೆ, ಅಂಟಿಸುವ ಚೀಲದಲ್ಲಿ ಹಿಡಿದ ಮೂತ್ರವನ್ನು ನಂಬಬೇಡಿ, ಚರ್ಮದ ರೋಗಾಣು ಸೇರುತ್ತದೆ. ತೊಳೆದು ನಡುಧಾರೆ ಹಿಡಿಯಬೇಕು, ಹಸುಗೂಸಿಗೆ ಕ್ಯಾಥೆಟರ್‌ನಿಂದ ತೆಗೆಯಬೇಕು. ಗಂಟೆಯೊಳಗೆ ಲ್ಯಾಬ್ ತಲುಪಲಾಗದಿದ್ದರೆ ಫ್ರಿಡ್ಜಿನಲ್ಲಿಡಿ. ಗಂಡುಮಗುವಿಗೆ ಎಂಸಿಯುಜಿ (ಮೂತ್ರಕೋಶಕ್ಕೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ತುಂಬಿಸಿ ತೆಗೆಯುವ ಚಿತ್ರ) ಮಾಡಿದ್ದರೆ, ಉಚ್ಚೆ ಹೋಗುತ್ತಿರುವಾಗಲೇ ಓರೆ ಮಲಗಿಸಿ ತೆಗೆದ ಚಿತ್ರ ಫಿಲ್ಮಿನಲ್ಲಿದೆಯೇ ಕೇಳಿ. ಅದಿಲ್ಲದಿದ್ದರೆ ಮೂತ್ರನಾಳದಲ್ಲಿ ಕವಾಟದಂಥ ಪೊರೆ ಧಾರೆಗೆ ಅಡ್ಡಬರುವ ತೊಂದರೆ ಕಣ್ಣುತಪ್ಪಿ ಹೋಗಬಹುದು. ಕಿಡ್ನಿಯ ಕಲೆ ನೋಡುವ ಡಿಎಂಎಸ್‌ಎ ಸ್ಕ್ಯಾನ್ ಸೋಂಕು ವಾಸಿಯಾಗಿ 4ರಿಂದ 6 ತಿಂಗಳ ನಂತರ ಆಗಬೇಕು. ಬೇಗ ಮಾಡಿದರೆ ತಾತ್ಕಾಲಿಕ ಉರಿಯೂತವೂ ಕಲೆಯಂತೆಯೇ ಕಾಣುತ್ತದೆ.

ಬೆನ್ನುಹುರಿಯ ದೋಷದೊಂದಿಗೆ ಹುಟ್ಟಿದ ಅನೇಕ ಮಕ್ಕಳಿಗೆ ದಿನಕ್ಕೆ 4ರಿಂದ 6 ಸಲ ಟ್ಯೂಬ್ ಹಾಕಿ ಮೂತ್ರಕೋಶ ಖಾಲಿ ಮಾಡಬೇಕಾಗುತ್ತದೆ. ಇಲ್ಲಿ ಅಂಕವೆಲ್ಲ ನರ್ಸ್‌ಗೆ ಸೇರಬೇಕು. ಲ್ಯಾಟೆಕ್ಸ್ ಇಲ್ಲದ ಟ್ಯೂಬನ್ನೇ ಕೊಡುತ್ತಾರೆಯೇ ನೋಡಿ, ಈ ಮಕ್ಕಳಿಗೆ ಲ್ಯಾಟೆಕ್ಸ್ ಅಲರ್ಜಿ ಬೇಗ ಅಂಟಿಕೊಳ್ಳುತ್ತದೆ. ಬಾಯಲ್ಲಿ ವಿವರಿಸಿ ಕಳಿಸಿದರೆ ಸಾಲದು. ಅಮ್ಮನೂ ಅಪ್ಪನೂ ಇಬ್ಬರೂ ತಮ್ಮ ಕೈಯಿಂದಲೇ ನರ್ಸ್ ಎದುರು ಹಾಕಿ ತೋರಿಸಿದ ಮೇಲೆಯೇ ಡಿಸ್ಚಾರ್ಜ್ ಬರೆಯುವ ಕಡೆ ಹೋಗಿ.